ಮಳೆಗಾಲದ ಸೋಮವಾರಗಳು

ಅವತ್ತು ಬೆಳಿಗ್ಗೆ ಪೇಪರು ಓದದೆ ಆಫೀಸಿಗೆ ಹೋದದ್ದೇ ಒಕ್ಕಣೆಯವರು ಮಾಡಿದ ತಪ್ಪು. ಬೇಕೆಂದು ಓದದೆ ಬಿಟ್ಟದ್ದಲ್ಲ. ಅವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಅದನ್ನು ಅಡುಗೆಮನೆ ಕಪಾಟಿಗೆ ಹಾಸಿ, ಮೇಲೆ ಡಬ್ಬಗಳನ್ನೂ ಜೋಡಿಸಿಬಿಟ್ಟಿದ್ದಳು.

"ಅದು ಇವತ್ತಿನ ಪೇಪರು ಕಣೇ!"

"ನಾಳೆ ಹೇಗಿದ್ರೂ ಹಳೇದಾಗುತ್ತಲ್ಲ," ಎಂದಳು ಹೆಂಡತಿ. ಅವರು ಪೇಪರಿಲ್ಲದೆಯೇ ಬಸ್ಸು ಹತ್ತಿದರು.

ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ರಾಷ್ಟ್ರೀಯ ಪ್ರವಾಸೋದ್ಯಮ ಒಕ್ಕೂಟದ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಮನವಿಪತ್ರಗಳ ಒಕ್ಕಣೆ ಬರೆಯುತ್ತಾ ಬಂದದ್ದರಿಂದ ಎಲ್ಲರ ಬಾಯಲ್ಲೂ ಅವರು ಒಕ್ಕಣೆಯವರೇ. ಹೋಟೆಲಿನವರು, ಬಸ್ಸಿನವರು, ದೋಣಿಯವರು, ಗೈಡುಗಳು, ಕ್ಯಾಮೆರಾ ನೇತುಹಾಕಿಕೊಂಡು ಫೋಟೋ ತೆಗೆಯುವವರು, ಇವರೆಲ್ಲ ಸೇರಿ ಕಟ್ಟಿಕೊಂಡ ಒಕ್ಕೂಟ ಅದು. ಸರ್ಕಾರ ಒಂದು ನಿಯಮ ಮಾಡುವ ಮುಂಚೆ ಅದರ ಕಿವಿಯ ಹತ್ತಿರ ಹೋಗುವುದು, ಮಾಡಿದ ಮೇಲೆ ಅದರ ಕಾಲಿನ ಹತ್ತಿರ ಹೋಗುವುದು, ಇದೇ ಒಕ್ಕೂಟದ ಕೆಲಸ. ಎರಡಕ್ಕೂ ಬೇಕಾದ ಮಾತು ಒದಗಿಸುವುದು ಒಕ್ಕಣೆಯವರ ಕೆಲಸ. ಯಾರಿಗೂ ನೋವಾಗಬಾರದು, ಯಾವುದಕ್ಕೂ ಒಪ್ಪಿಕೊಂಡ ಹಾಗಾಗಬಾರದು ಎಂಬ ಎಚ್ಚರದಲ್ಲಿ ಬರೆದೂ ಬರೆದೂ ಅವರಿಗೆ ನೆಟ್ಟಗೆ "ಹೌದು" ಅನ್ನುವುದೇ ಮರೆತುಹೋಗಿತ್ತು. "ಇಲ್ಲವೆನ್ನಲಾಗದು" ಅನ್ನುತ್ತಿದ್ದರು.

ಆಗ ನಡೆಯುತ್ತಿದ್ದದ್ದು ವಿಶ್ರಾಂತಿ ನೀತಿಯ ಗಲಾಟೆ. ಹೊಸ ಮಂತ್ರಿಗಳು ಒಂದು ಬೆಟ್ಟದ ಕೋಟೆ ಹತ್ತಿ, ಏದುಸಿರು ಬಿಡುತ್ತಾ ಕೂತು, ಸವೆದ ಮೆಟ್ಟಿಲು ನೋಡಿ "ಪಾಪ, ಇವಕ್ಕೂ ಸುಸ್ತಾಗಿರಬೇಕು" ಅಂದಿದ್ದರು. ಮಂತ್ರಿಗಳ ಬಾಯಿಂದ ಬಿದ್ದದ್ದನ್ನು ಇಲಾಖೆ ನೆಲಕ್ಕೆ ಬೀಳಲು ಬಿಡುತ್ತದೆಯೇ? ಎರಡೇ ತಿಂಗಳಲ್ಲಿ ಕರಡು ಸಿದ್ಧವಾಯಿತು. ದೇಶದ ಎಲ್ಲ ಬೆಟ್ಟ, ಕೋಟೆ, ಕೆರೆ, ಜಲಪಾತಗಳಿಗೂ ವಾರಕ್ಕೆರಡು ದಿನ, ಭಾನುವಾರ ಮತ್ತು ಸೋಮವಾರ, ಕಡ್ಡಾಯ ರಜೆ. ಭಾನುವಾರ ಬೆಟ್ಟಕ್ಕೆ ರಜೆ ಕೊಟ್ಟರೆ ಮನುಷ್ಯ ಯಾವಾಗ ಬೆಟ್ಟಕ್ಕೆ ಹೋಗಬೇಕು? ಒಕ್ಕೂಟದವರ ನಿದ್ದೆ ಹಾರಿಹೋಗಿತ್ತು.

ಮಂತ್ರಿಗಳ ಜೊತೆ ಮಾತುಕತೆ ಅವತ್ತೇ, ಹನ್ನೊಂದು ಗಂಟೆಗೆ. ಅದಕ್ಕಾಗಿ ಒಕ್ಕಣೆಯವರು ಎರಡು ಕಾಗದ ಬರೆದಿದ್ದರು. ಒಂದು, ಮಂತ್ರಿಗಳಿಗೆ ಕೊಡುವ ಮನವಿ: ಒಂದು ದಿನವೂ ರಜೆ ಬೇಡ. ಇನ್ನೊಂದು, ಯಾರಿಗೂ ತೋರಿಸಬಾರದ ಒಳಟಿಪ್ಪಣಿ: ಮೊದಲು ಏನನ್ನೂ ಒಪ್ಪಬಾರದು, ಬಹಳ ಜಗ್ಗಿದರೆ ಭಾನುವಾರ ಉಳಿಸಿಕೊಂಡು ಸೋಮವಾರ ಬಿಡಬೇಕು, ಅದರಲ್ಲೂ ಕೊನೆಗೆ ಮಳೆಗಾಲದ ಸೋಮವಾರಗಳನ್ನು ಮಾತ್ರ. ಈ ಟಿಪ್ಪಣಿಯ ನಾಲ್ಕೇ ಪ್ರತಿ ಇದ್ದವು. ಅಧ್ಯಕ್ಷರ ಹತ್ತಿರ ಒಂದು, ಕಾರ್ಯದರ್ಶಿ ಮೇಡಂ ಹತ್ತಿರ ಒಂದು, ಉಪಾಧ್ಯಕ್ಷರಾದ ಬಸ್ ಮಾಲೀಕರ ಹತ್ತಿರ ಒಂದು, ಬರೆದವರ ಮೇಜಿನಲ್ಲಿ ಒಂದು.

ಒಕ್ಕಣೆಯವರು ಕಚೇರಿಯ ಬಾಗಿಲು ತಳ್ಳಿದಾಗ ಎಲ್ಲರೂ ಪೇಪರನ್ನು ಪರದೆಯ ಹಾಗೆ ಮುಖಕ್ಕೆ ಹಿಡಿದು ಕೂತಿದ್ದರು. "ನಮಸ್ಕಾರ" ಅಂದರು. ಪರದೆಗಳು ಅಲ್ಲಾಡಲಿಲ್ಲ. ಒಂದರ ಅಂಚಿನಿಂದ ಒಂದು ಕಣ್ಣು ಇಣುಕಿ, ಅವರ ಚೀಲವನ್ನು ನೋಡಿ, ಮತ್ತೆ ಒಳಗೆ ಹೋಯಿತು.

"ಬನ್ರೀ ಒಳಗೆ," ಎಂದು ಅಧ್ಯಕ್ಷರ ಕೊಠಡಿಯಿಂದ ಗುಡುಗು ಬಂತು.

ಅಧ್ಯಕ್ಷರು ಬೆಟ್ಟಗಳ ಮೇಲಿನ ಏಳು ಹೋಟೆಲುಗಳ ಒಡೆಯರು. ಬಂದವರನ್ನೆಲ್ಲ ಟವೆಲ್ ಕದ್ದುಕೊಂಡು ಹೋಗುವ ಗಿರಾಕಿಯನ್ನು ನೋಡುವ ಹಾಗೆ ನೋಡುವುದು ಅವರ ಅಭ್ಯಾಸ. ಪಕ್ಕದಲ್ಲಿ ಮೇಡಂ, ಎದುರಿಗೆ ಬಸ್ ಮಾಲೀಕರು. ಮೇಜಿನ ಮೇಲೆ ಪೇಪರು, ಐದನೇ ಪುಟ. ಕೆಂಪು ಇಂಕಿನಲ್ಲಿ ಗೀಟು ಹಾಕಿದ ಒಂದು ಸಣ್ಣ ಸುದ್ದಿ.

"ಓದಿ."

ಒಕ್ಕಣೆಯವರು ಬಗ್ಗಿ ಓದಿದರು. ಒಳಟಿಪ್ಪಣಿ ಇಡಿಯಾಗಿ ಅಲ್ಲಿ ಮಲಗಿತ್ತು. ಕೊನೆಯ ಸಾಲಂತೂ ಅವರದ್ದೇ, ಅಕ್ಷರಶಃ: "ಕಟ್ಟಕಡೆಗೆ, ಮಳೆಗಾಲದ ಸೋಮವಾರಗಳ ಮಟ್ಟಿಗೆ ಒಕ್ಕೂಟಕ್ಕೆ ಒಪ್ಪಿಗೆ ಇಲ್ಲವೆನ್ನಲಾಗದು."

ಇಲ್ಲಿ ಅವರಿಂದ ಒಂದು ಅನಾಹುತ ನಡೆಯಿತು. ಅವರು ನಕ್ಕರು. ಹತ್ತೊಂಬತ್ತು ವರ್ಷ ಬರೆದ ಮನುಷ್ಯನ ಒಂದು ವಾಕ್ಯ, ಒಂದೇ ಒಂದು ಅಲ್ಪವಿರಾಮವೂ ಕಳೆದುಹೋಗದೆ ಅಚ್ಚಾಗಿತ್ತು. ಮುಖ ತಾನಾಗಿಯೇ ಅರಳಿತು.

"ನಕ್ಕ! ನೋಡಿದ್ರಾ, ನಕ್ಕ!" ಬಸ್ ಮಾಲೀಕರು ಕುರ್ಚಿಯಿಂದ ಎದ್ದೇಬಿಟ್ಟರು.

"ಅಯ್ಯೋ, ಇಲ್ಲ ಸಾರ್, ಅದು ಆ ನಗು ಅಲ್ಲ..."

"ಎಷ್ಟು ತರದ ನಗು ಇಟ್ಟಿದ್ದೀರ್ರೀ?" ಎಂದರು ಅಧ್ಯಕ್ಷರು. "ಹನ್ನೊಂದು ಗಂಟೆಗೆ ಮಂತ್ರಿ ಎದುರು ನಾನು 'ಒಂದು ದಿನಾನೂ ಬಿಡಲ್ಲ' ಅಂತ ಮೇಜು ಗುದ್ದಬೇಕು. ಆ ಮನುಷ್ಯ ಇದನ್ನ ಓದಿಕೊಂಡು ಕೂತಿರ್ತಾನೆ. ನಾನು ಯಾವ ಮುಖ ಇಟ್ಕೊಂಡು ಗುದ್ದಲಿ? ನಮ್ಮೊಳಗೆ ಇಲಾಖೆಯ ಗೂಢಚಾರ ಒಬ್ಬ ಇದ್ದಾನೆ."

ಸರಿಯಾಗಿ ಆಗಲೇ ಒಕ್ಕಣೆಯವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದರು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಬಂದದ್ದು: "ಇಲಾಖೆ".

 ಗೋಡೆಯ ಮೇಲಿನ ಪಟದಲ್ಲಿದ್ದ ಬೆಟ್ಟ ಕೂಡ ಉಸಿರು ಹಿಡಿದ ಹಾಗಿತ್ತು.

"ಇದು... ಇದು ನನ್ನ ಭಾವಮೈದ ಸಾರ್. ಇಲಾಖೆಯ ಟಪಾಲು ವಿಭಾಗದಲ್ಲಿದ್ದಾನೆ. ಅದಕ್ಕೇ ಹಾಗೆ ಹೆಸರು ಹಾಕಿಕೊಂಡೆ."

"ಸ್ಪೀಕರ್ ಹಾಕಿ," ಎಂದರು ಮೇಡಂ. ಕಾರ್ಯದರ್ಶಿ ಮೇಡಂ ಎಂದೂ ದನಿ ಏರಿಸಿದವರಲ್ಲ. ಏರಿಸದೆಯೇ ಜನ ನಡುಗುತ್ತಿದ್ದರು.

ಸ್ಪೀಕರ್‌ನಲ್ಲಿ ಭಾವಮೈದನ ಪಿಸುದನಿ ಕೊಠಡಿ ತುಂಬ ಹರಡಿತು: "ಭಾವ, ಕೆಲಸ ಆಯ್ತು. ಯಾರಿಗೂ ಸುಳಿವು ಸಿಕ್ಕಿಲ್ಲ. ಸಂಜೆ ಕತ್ತಲಾದ ಮೇಲೆ ಹಿಂದಿನ ಬಾಗಿಲಿಂದ ತಂದುಕೊಡ್ತೀನಿ. ಅಕ್ಕನಿಗೆ ಮಾತ್ರ ಬಾಯಿ ಬಿಡಬೇಡಿ." ಫೋನು ಕಟ್ಟಾಯಿತು.

"ಮಿಕ್ಸಿ ಸಾರ್!" ಒಕ್ಕಣೆಯವರು ಕೂಗಿಕೊಂಡರು. "ಮನೆಯ ಮಿಕ್ಸಿಯನ್ನ ನಾನು ಕೈಜಾರಿ ಬೀಳಿಸಿದೆ. ಹೆಂಡತಿಗೆ ಗೊತ್ತಾಗೋ ಮುಂಚೆ ರಿಪೇರಿ ಮಾಡಿಸೋಕೆ ಕೊಟ್ಟಿದ್ದೆ!"

ಬಸ್ ಮಾಲೀಕರು ಮೇಡಂ ಕಡೆ ವಾಲಿ ಕೇಳಿದರು: "ಮಿಕ್ಸಿ ಅಂದ್ರೆ ಯಾವುದಕ್ಕೆ ಇಟ್ಟಿರೋ ಗುಟ್ಟಿನ ಹೆಸರು?"

ಮೇಡಂ ನಿಯಮದವರು. ಸಂಶಯ ಬಂದ ಮೇಲೆ ಅದಕ್ಕೊಂದು ದಾಖಲೆ ಬೇಕು ಅಂದರು. ಅಧ್ಯಕ್ಷರನ್ನು ಬಿಟ್ಟು ಮೂವರೂ ತಾವು ಸೋರಿಕೆ ಮಾಡಿಲ್ಲವೆಂದು ಬರೆದು ಸಹಿ ಹಾಕಬೇಕು. ಮೇಡಂ ಒಂದು ಸಾಲು ಬರೆದರು. ಬಸ್ ಮಾಲೀಕರು ಅರ್ಧ ಸಾಲು ಬರೆದರು. ಒಕ್ಕಣೆಯವರು ಹತ್ತು ನಿಮಿಷ ಪೆನ್ನು ಕಚ್ಚಿ ಬರೆದದ್ದು ಇದು: "ಸದರಿ ಸೋರಿಕೆಯನ್ನು ನಾನು ಮಾಡಿಲ್ಲವೆಂಬುದು ನಿಜವಲ್ಲವೆಂದು ಯಾರೂ ಹೇಳಲಾರರೆಂಬುದರಲ್ಲಿ ಸಂಶಯವಿಲ್ಲ."

ಅಧ್ಯಕ್ಷರು ಮೂರು ಸಲ ಓದಿದರು. ಮೇಡಂ ಬೆರಳು ಮಡಚಿ ಎಣಿಸಿದರು. "ನಾಲ್ಕು 'ಇಲ್ಲ' ಇವೆ. ಎರಡೆರಡು ಹೊಡೆದುಹಾಕಿದರೆ ಒಂದೂ ಉಳಿಯಲ್ಲ. ಅಂದರೆ ಮಾಡಿದ್ದೀರಿ."

"ಅಯ್ಯೋ ದೇವರೇ," ಎಂದರು ಒಕ್ಕಣೆಯವರು.

ಗಡಿಯಾರ ಹತ್ತೂವರೆ ತೋರಿಸಿತು. ಗೂಢಚಾರನೋ ಅಲ್ಲವೋ, ಮನವಿಯ ಒಂಬತ್ತು ಅಂಶಗಳು ಯಾವ ಪುಟದಲ್ಲಿವೆ ಅಂತ ಗೊತ್ತಿದ್ದದ್ದು ಅವರೊಬ್ಬರಿಗೇ. ಹಾಗಾಗಿ ಅವರನ್ನು ಕರೆದುಕೊಂಡೇ ಹೋಗಬೇಕಾಯಿತು. ಆದರೆ ಕಾರಿನಲ್ಲಿ ಹೊಸ ಲೆಕ್ಕಾಚಾರ ಮಾತಾಡಬೇಕಿತ್ತು, ಅದು ಅವರ ಕಿವಿಗೆ ಬೀಳಬಾರದು. ಬಸ್ ಮಾಲೀಕರೇ ಉಪಾಯ ಹೇಳಿದರು. ಒಕ್ಕಣೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಡ್ರೈವರನ ಹೆಡ್‌ಫೋನ್ ಕಿವಿಗೆ ಹಾಕಿ, ಜೋರಾಗಿ ಹಾಡು ಬಿಟ್ಟರು.

ಒಕ್ಕಣೆಯವರು ಮನವಿಯ ಕಡತವನ್ನು ಎದೆಗೊತ್ತಿಕೊಂಡು ಕೂತರು. ತಲೆಯೊಳಗೆ ಡೋಲು ಬಡಿಯುತ್ತಿತ್ತು. ತಾಳಕ್ಕೆ ತಲೆ ಒಂದಿಷ್ಟು ಅಲ್ಲಾಡಿದರೂ ಹಿಂದಿನಿಂದ ಬಸ್ ಮಾಲೀಕರು ಬೆನ್ನಿಗೆ ತಿವಿಯುತ್ತಿದ್ದರು: "ಕೇಳಿಸ್ಕೊಂಡು ತಲೆ ಆಡಿಸ್ತಿದ್ದಾರೆ ನೋಡಿ!" ಅಲ್ಲಾಡಿಸದೆ ಕೂತರೆ ಮೇಡಂಗೆ ಅನುಮಾನ: "ಇಷ್ಟು ಗಮನ ಕೊಟ್ಟು ಏನು ಕೇಳ್ತಿದ್ದಾರೆ?"

ಆ ಡೋಲಿನ ನಡುವೆಯೇ ಅವರ ತಲೆಗೂ ಅನುಮಾನದ ಹುಳ ಹೊಕ್ಕಿತು. ನಾನಲ್ಲ. ಹಾಗಾದರೆ ಯಾರು? ಬಸ್ ಮಾಲೀಕರೇ? ಆ ಮನುಷ್ಯನಿಗೆ ಬಾಯಿಗೆ ಬ್ರೇಕಿಲ್ಲ. ಮೇಡಂ? ಅವರ ಮುಖ ಬೀಗ ಹಾಕಿದ ಬೀರು. ಒಳಗೇನಿದೆ ಯಾರಿಗೆ ಗೊತ್ತು? ಭಾವಮೈದ? ಹೋದ ಭಾನುವಾರ ಮನೆಗೆ ಬಂದಾಗ ತಮ್ಮ ಚೀಲದ ಪಕ್ಕದಲ್ಲೇ ಕೂತಿದ್ದ. ಇವತ್ತೇ ಯಾಕೆ ಹೆಂಡತಿ ಪೇಪರನ್ನು ಡಬ್ಬದ ಕೆಳಗೆ ಹಾಕಿದಳು? ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ ಅವರಿಗೆ ಹೆಂಡತಿಯ ಮೇಲೂ ಸಂಶಯ ಬಂತು. ಪಕ್ಕದಲ್ಲಿ ಡ್ರೈವರ್ ಸುಮ್ಮನೆ ಆಕಳಿಸಿದ. ಅದೂ ಅವರಿಗೆ ಏನೋ ಸನ್ನೆಯ ಹಾಗೆ ಕಂಡಿತು.

ಇಲಾಖೆಯ ಕಟ್ಟಡದಲ್ಲಿ ಮೂರನೇ ಮಹಡಿ. ಉದ್ದನೆಯ ಮೇಜು, ಮೇಜಿನ ಮೇಲೆ ಪ್ಲಾಸ್ಟಿಕ್ ಹೂವು, ಎದುರಿಗೆ ಮಂತ್ರಿಗಳು ಮತ್ತು ಉಪಕಾರ್ಯದರ್ಶಿ. ಮಂತ್ರಿಗಳ ಕೈಯಲ್ಲಿ ಅದೇ ಪೇಪರು, ಅದೇ ಐದನೇ ಪುಟ. 

ಅಧ್ಯಕ್ಷರು ಎದ್ದು ನಿಂತು ಮನವಿ ಓದಿದರು. ಮೊದಲನೇ ಅಂಶ ಮುಗಿಯಿತು. ಎರಡನೆಯದಕ್ಕೆ ಮೇಜು ಗುದ್ದಲು ಕೈ ಎತ್ತಿದರು. ಮಂತ್ರಿಗಳು "ಕೂತ್ಕೊಳ್ಳಿ ಅಧ್ಯಕ್ಷರೇ, ಕೈ ನೋಯಿಸ್ಕೋಬೇಡಿ," ಅಂದರು.

"ನಾನು ಪೇಪರ್ ಓದಿದೆ," ಎಂದು ಮಂತ್ರಿಗಳು ಕನ್ನಡಕ ತೆಗೆದು ಒರೆಸಿದರು. "ನೀವು ಜಗಳಕ್ಕೇ ಬರ್ತೀರಿ ಅಂತ ನಮ್ಮವರು ಹೆದರಿಸಿದ್ರು. ನೋಡಿದ್ರೆ ನಿಮ್ಮಲ್ಲೂ ಹೊಂದಿಕೊಂಡು ಹೋಗೋ ಮನಸ್ಸಿದೆ. ನನಗೂ ಹಟವೇನಿಲ್ಲ. ಬೆಟ್ಟಗಳಿಗೆ ಒಂದಿಷ್ಟು ಬಿಡುವು ಸಿಕ್ಕರೆ ಸಾಕು. ಮಳೆಗಾಲದ ಸೋಮವಾರ ತಾನೆ? ಆಗಲಿ. ಭಾನುವಾರ ನಿಮ್ಮದು."

ಉಪಕಾರ್ಯದರ್ಶಿ ಕಡತ ಬಿಚ್ಚಿದರು. ಒಪ್ಪಂದ ಆಗಲೇ ಟೈಪಾಗಿತ್ತು, ಸಹಿಯ ಜಾಗದಲ್ಲಿ ಪೆನ್ಸಿಲ್ ಗುರುತೂ ಇತ್ತು. ಸರ್ಕಾರ ಇಷ್ಟು ಚುರುಕು ಅಂತ ಒಕ್ಕಣೆಯವರಿಗೆ ಗೊತ್ತೇ ಇರಲಿಲ್ಲ. ಏಳು ನಿಮಿಷದಲ್ಲಿ ಎಲ್ಲ ಮುಗಿದು, ಕಾಫಿ ಬಂತು.

"ಒಂದು ಮಾತು," ಎಂದರು ಮಂತ್ರಿಗಳು ಎದ್ದು ಹೊರಡುವಾಗ. "ಆ ಸುದ್ದಿ ಪೇಪರಿಗೆ ಕೊಟ್ಟವರು ಯಾರೋ, ಬುದ್ಧಿವಂತರು. ಎರಡೂ ಕಡೆಯ ಮಾನ ಉಳಿಸಿದರು. ನನ್ನ ಕಡೆಯಿಂದ ಮೆಚ್ಚುಗೆ ಹೇಳಿ."

ವಾಪಸು ಬರುವಾಗ ಹೆಡ್‌ಫೋನ್ ಇರಲಿಲ್ಲ. ಅಷ್ಟೇ ಅಲ್ಲ, ಒಕ್ಕಣೆಯವರಿಗೆ ಹಿಂದಿನ ಸೀಟು ಸಿಕ್ಕಿತು. ಕಿಟಕಿಯ ಪಕ್ಕ.

ಕಾರು ಮೊದಲ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಬಸ್ ಮಾಲೀಕರು ಗಂಟಲು ಸರಿಮಾಡಿಕೊಂಡರು. "ನಿಜ ಹೇಳಬೇಕು ಅಂದ್ರೆ, ಮೊನ್ನೆ ಒಬ್ಬ ಪತ್ರಕರ್ತ ನಮ್ಮ ಬಸ್ಸಲ್ಲಿ ಸಿಕ್ಕಿದ್ದ. ಬೇಕು ಅಂತಲೇ ನಾನು ಒಂದಿಷ್ಟು ಬಾಯಿ ಸಡಿಲ ಬಿಟ್ಟೆ."

"ಇಂಥ ವಿಷಯಗಳನ್ನ ಹೊರಗೆ ಬಿಡೋದಕ್ಕೂ ಒಂದು ಕ್ರಮ ಇರುತ್ತೆ," ಎಂದರು ಮೇಡಂ ಹೊರಗೆ ನೋಡುತ್ತಾ. "ಆ ಕ್ರಮ ಯಾರು ಹಾಕಿಕೊಟ್ಟರು ಅಂತ ಕಾಲಾಂತರದಲ್ಲಿ ಗೊತ್ತಾಗುತ್ತೆ."

"ಇಬ್ಬರೂ ಸುಮ್ಮನಿರಿ," ಎಂದರು ಅಧ್ಯಕ್ಷರು. "ಬೆಳಿಗ್ಗೆ 'ಮಾಡಿಲ್ಲ' ಅಂತ ಬರೆದುಕೊಟ್ಟಿದ್ದೀರಿ. ಕೆಲಸ ಯಾರದ್ದು ಅಂತ ಒಂದು ನಗು ನೋಡಿಯೇ ನನಗೆ ಗೊತ್ತಾಗಿತ್ತು." ಅವರು ಒಕ್ಕಣೆಯವರ ತೊಡೆ ತಟ್ಟಿದರು. ಹತ್ತೊಂಬತ್ತು ವರ್ಷದಲ್ಲಿ ಅಧ್ಯಕ್ಷರ ಕೈ ಅವರನ್ನು ಮುಟ್ಟಿದ್ದು ಅದೇ ಮೊದಲು.

ಮಧ್ಯಾಹ್ನ ಎರಡು ಗಂಟೆಗೆ ಅಧ್ಯಕ್ಷರು ಅವರನ್ನು ಒಬ್ಬರನ್ನೇ ಕರೆಸಿಕೊಂಡರು. ಕೂರಿಸಿದರು. ಸಕ್ಕರೆ ಎಷ್ಟು ಅಂತ ಕೇಳಿ ಕಾಫಿ ತರಿಸಿದರು.

"ನೋಡ್ರೀ, ಒಕ್ಕೂಟಕ್ಕೆ ಒಬ್ಬ ಸರ್ಕಾರಿ ಸಂಪರ್ಕಾಧಿಕಾರಿ ಬೇಕು. ಪ್ರತ್ಯೇಕ ಕೊಠಡಿ, ಓಡಾಡೋಕೆ ಕಾರು. ಆಡಳಿತ ಮಂಡಳಿ ಎದುರು ನಿಮ್ಮ ಹೆಸರು ಇಡ್ತೀನಿ. ಆದ್ರೆ ಅವರು ಕೇಳ್ತಾರೆ, ಈ ಮನುಷ್ಯ ಏನು ಸಾಧಿಸಿದ್ದಾನೆ ಅಂತ. ಅದಕ್ಕೊಂದು ಕಾಗದ ಬೇಕು. 'ಸುದ್ದಿ ಕೊಟ್ಟದ್ದು ನಾನು' ಅಂತ ಒಂದು ಸಾಲು. ಅಷ್ಟೇ."

"ಆದ್ರೆ ಸಾರ್, ನಾನು ನಿಜವಾಗಲೂ..."

"ಗೊತ್ತು ಗೊತ್ತು. ವಿನಯ. ಹೊರಗೆ ಹೋಗಿ ಯೋಚನೆ ಮಾಡಿ ಬನ್ನಿ."

ಒಕ್ಕಣೆಯವರು ತಮ್ಮ ಮೇಜಿಗೆ ಬಂದು ಕೂತರು. ಅದು ಶೌಚಾಲಯದ ಬಾಗಿಲಿಗೆ ಆತುಕೊಂಡಿದ್ದ ಮೇಜು. ಒಳಗೆ ಹೋಗುವವರೆಲ್ಲ ಅದಕ್ಕೆ ಡಿಕ್ಕಿ ಹೊಡೆದೇ ಹೋಗುತ್ತಿದ್ದರು. ಅರ್ಧ ವಾಕ್ಯದಲ್ಲಿ ಪೆನ್ನು ಜಾರಿ ಹೋದದ್ದು ಎಷ್ಟು ಸಲವೋ. ಅವರು ಮನೆಗೆ ಫೋನು ಮಾಡಿ ಎಲ್ಲ ಹೇಳಿದರು.

"ಮಾಡದೇ ಇರೋದನ್ನ ಮಾಡಿದೆ ಅಂತ ಹೇಗೆ ಬರೆಯೋದೇ?"

"ನೀವು ಮಾಡಿದ್ದನ್ನೆಲ್ಲ ಇಷ್ಟು ವರ್ಷ ಬೇರೆಯವರು ತಮ್ಮ ಹೆಸರಿಗೆ ಹಾಕ್ಕೊಳ್ಳಲಿಲ್ವಾ?" ಎಂದಳು ಹೆಂಡತಿ. "ಒಂದು ಸಲ ಬೇರೆಯವರು ಮಾಡಿದ್ದು ನಿಮ್ಮ ಹೆಸರಿಗೆ ಬಂದ್ರೆ ಏನು ಗಂಟು ಹೋಗುತ್ತೆ? ಬರೆದು ಕೊಡಿ." ಹಾಗೆಯೇ ಕೇಳಿದಳು: "ಅಂದ ಹಾಗೆ, ಮಿಕ್ಸಿ ಎಲ್ಲಿ?"

ಅವರು ಫೋನು ಇಟ್ಟು, ಬಿಳಿ ಹಾಳೆ ಎಳೆದುಕೊಂಡರು.  ಜೀವಮಾನದಲ್ಲಿ ಮೊದಲ ಸಲ ಒಂದೂ 'ಇಲ್ಲ' ಇಲ್ಲದ ವಾಕ್ಯವೊಂದು ಅವರ ಪೆನ್ನಿನಿಂದ ಹೊರಬಿತ್ತು: "ಸುದ್ದಿಯನ್ನು ಪತ್ರಿಕೆಗೆ ಕೊಟ್ಟವನು ನಾನೇ." ಸಹಿ, ದಿನಾಂಕ. ಅಧ್ಯಕ್ಷರು ಅದನ್ನು ಓದಿ, "ಇದು ಒಕ್ಕಣೆ ಅಂದ್ರೆ!" ಎಂದು ಹೊಗಳಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೆಳಿಗ್ಗೆಯ ನಾಲ್ಕು 'ಇಲ್ಲ'ಗಳ ಕಾಗದವನ್ನು ಒಕ್ಕಣೆಯವರ ಕೈಯಿಂದಲೇ ಹರಿಯಿಸಿ ಬುಟ್ಟಿಗೆ ಹಾಕಿಸಿದರು.

ಸಂಜೆ ನಾಲ್ಕೂವರೆಯವರೆಗೆ ಒಕ್ಕಣೆಯವರು ಸುಖವಾಗಿದ್ದರು. ಯಾವ ಕೊಠಡಿ ಕೊಡಬಹುದು ಎಂದು ಕಚೇರಿಯನ್ನು ಎರಡು ಸುತ್ತು ಹಾಕಿದ್ದರು.

ನಾಲ್ಕೂವರೆಗೆ ಹೊರಗೆ ಒಂದು ಬಸ್ಸು ಬಂದು ನಿಂತ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಬೂಟುಗಾಲಿನ ಸದ್ದು, ಹತ್ತಲ್ಲ, ಇಪ್ಪತ್ತಲ್ಲ. ಬಾಗಿಲು ತೆರೆದುಕೊಂಡಿತು. ಮುಂದೆ ಒಬ್ಬ ಹೆಂಗಸು, ಬಾಗಿಲಿನಷ್ಟೇ ಅಗಲ, ಹಳದಿ ರೇನ್‌ಕೋಟು. ಹಿಂದೆ ನಲವತ್ತು ಜನ. ದೇಶದ ದೊಡ್ಡ ಜಲಪಾತದ ಹತ್ತಿರ ಪ್ರವಾಸಿಗರಿಗೆ ರೇನ್‌ಕೋಟು ಬಾಡಿಗೆಗೆ ಕೊಡುವಾಕೆ ಅವರು. ಜಲಪಾತದ ಗೈಡುಗಳು, ದೋಣಿಯವರು, ಫೋಟೋದವರು ಎಲ್ಲರೂ ಅವರನ್ನು ರೇನ್‌ಕೋಟ್ ಅಕ್ಕ ಅನ್ನುತ್ತಿದ್ದರು, ಅವರ ಮಾತಿಗೆ ಎದುರಾಡುತ್ತಿರಲಿಲ್ಲ.

"ಮಧ್ಯಾಹ್ನದ ರೇಡಿಯೋದಲ್ಲಿ ಕೇಳಿದ್ವಿ," ಎಂದರು ಅಕ್ಕ. "ಮಳೆಗಾಲದ ಸೋಮವಾರ ಎಲ್ಲಾ ಮುಚ್ಚಬೇಕಂತೆ. ಒಕ್ಕೂಟವೇ ಒಪ್ಪಿಕೊಂಡಿದೆಯಂತೆ. ಅಧ್ಯಕ್ಷರೇ, ನಿಮ್ಮ ಬೆಟ್ಟಕ್ಕೆ ಮಳೆಗಾಲದಲ್ಲಿ ನಾಯಿನೂ ಬರಲ್ಲ, ನಿಮಗೇನು? ನಮ್ಮ ಜಲಪಾತದಲ್ಲಿ ನೀರಿರೋದೇ ಮಳೆಗಾಲದಲ್ಲಿ! ಬೇಸಿಗೇಲಿ ಬಂದವರಿಗೆ ನಾವು ಒದ್ದೆ ಬಂಡೆ ತೋರಿಸಿ, 'ಇಲ್ಲಿ ಬೀಳುತ್ತೆ' ಅಂತ ಕೈ ಮಾಡ್ತೀವಿ. ನಾಲ್ಕು ತಿಂಗಳು ದುಡಿದು ಹನ್ನೆರಡು ತಿಂಗಳು ತಿನ್ನೋರು ನಾವು. ನಮ್ಮನ್ನ ಒಂದು ಮಾತು ಕೇಳದೆ ನಮ್ಮ ಸೋಮವಾರ ಯಾರು ಕೊಟ್ಟದ್ದು?"

 ಆ ಸಾಲು ಬರೆಯುವಾಗ ಒಕ್ಕಣೆಯವರಿಗೆ ಜಲಪಾತದವರ ನೆನಪೇ ಬಂದಿರಲಿಲ್ಲ. ಮಳೆಗಾಲ ಅಂತ ಬರೆಯಿರಿ ಎಂದು ಅಧ್ಯಕ್ಷರು ಅಂದಿದ್ದರು, ಇವರು ಬರೆದಿದ್ದರು. ಎದುರಿಗೆ ನಿಂತ ನಲವತ್ತು ಮುಖಗಳನ್ನು ಕಂಡು ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಅಧ್ಯಕ್ಷರು ಸಾವಕಾಶವಾಗಿ ಎದ್ದರು. ಬೀರು ತೆರೆದರು. ಒಂದು ಹಾಳೆ ಹೊರಗೆ ಬಂತು.

"ಅಕ್ಕಾ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ. ನಾವು ಒಂದು ದಿನವೂ ಬಿಡಲ್ಲ ಅಂತಲೇ ಮನವಿ ಕೊಟ್ಟದ್ದು, ಬೇಕಾದರೆ ಓದಿ. ಆದರೆ ನಮ್ಮ ಕಚೇರಿಯ ಒಬ್ಬ ನೌಕರ, ತನ್ನ ತಲೆಗೆ ಹೊಳೆದದ್ದನ್ನ ಬರೆದು ಪೇಪರಿಗೆ ಕೊಟ್ಟುಬಿಟ್ಟ. ಅದನ್ನ ಓದಿದ ಮೇಲೆ ಮಂತ್ರಿಗಳು ನಮ್ಮ ಮಾತು ಕೇಳ್ತಾರಾ? ನಮ್ಮ ಕೈ ಕಟ್ಟಿಹೋಯ್ತು. ಇಗೋ ತಪ್ಪೊಪ್ಪಿಗೆ. ಸಹಿ ಇದೆ. ಈ ಕ್ಷಣದಿಂದ ಅವರಿಗೂ ಒಕ್ಕೂಟಕ್ಕೂ ಸಂಬಂಧ ಇಲ್ಲ."

"ಸಾರ್!" ಎಂದರು ಒಕ್ಕಣೆಯವರು. ಆ ಕೂಗಿನಿಂದಲೇ ನೌಕರ ಯಾರು ಅಂತ ನಲವತ್ತು ಜನಕ್ಕೂ ಗೊತ್ತಾಯಿತು. ಬಸ್ ಮಾಲೀಕರು ಚಾವಣಿಯ ಫ್ಯಾನು ನೋಡುತ್ತಿದ್ದರು. ಮೇಡಂ ತಮ್ಮ ಬೆಳಗಿನ ಒಂದು ಸಾಲಿನ ಕಾಗದವನ್ನು ಜೋಪಾನವಾಗಿ ಕಡತದಲ್ಲಿ ಸೇರಿಸುತ್ತಿದ್ದರು.

"ನಾನಲ್ಲ ಅಕ್ಕಾ! ಬಡ್ತಿ ಕೊಡ್ತೀನಿ ಅಂತ ಬರೆಸಿಕೊಂಡರು! ಆ ಪೇಪರಿನ ವರದಿಗಾರನ ಮುಖಾನೂ ನಾನು ನೋಡಿದವನಲ್ಲ. ಬೇಕಾದ್ರೆ ಬನ್ನಿ, ಪೇಪರ್ ಆಫೀಸು ಮುಂದಿನ ಬೀದೀಲೇ ಇದೆ, ಅವನನ್ನೇ ಕೇಳೋಣ!"

"ನಡೀರಿ," ಎಂದರು ಅಕ್ಕ. ಅವರ ಕೈ ಒಕ್ಕಣೆಯವರ ತೋಳಿನ ಮೇಲೆ ಬಿತ್ತು. ಹಿಡಿತ ಬಾಡಿಗೆ ವಸ್ತು ವಾಪಸು ಕೊಡದವರನ್ನು ಹಿಡಿಯುವಂಥದ್ದು.

ಪತ್ರಿಕಾ ಕಚೇರಿಯ ಸಾಲುಮೇಜುಗಳ ನಡುವೆ ನಲವತ್ತು ಜನ ತುಂಬಿಕೊಂಡರು. ಐದನೇ ಪುಟದ ವರದಿಗಾರ ನಡುವಯಸ್ಸಿನ, ಸೋತ ಕಣ್ಣಿನ ಮನುಷ್ಯ. ಒಕ್ಕಣೆಯವರನ್ನು ಮೇಲಿನಿಂದ ಕೆಳಗೆ ನೋಡಿದ.

"ಸುದ್ದಿ ಯಾರು ಕೊಟ್ಟರು ಅಂತ ನಾನು ಹೇಳೋ ಹಾಗಿಲ್ಲ. ಆದ್ರೆ ಇವರನ್ನ ನಾನು ನೋಡ್ತಿರೋದು ಇದೇ ಮೊದಲು."

"ಕೇಳಿದ್ರಾ!" ಒಕ್ಕಣೆಯವರ ಕಣ್ಣಲ್ಲಿ ನೀರೇ ಬಂತು. "ಕೇಳಿದ್ರಾ ಅಕ್ಕಾ!"

ಅಕ್ಕ ಕಣ್ಣು ಕಿರಿದು ಮಾಡಿ ಇಬ್ಬರನ್ನೂ ನೋಡಿದರು. 

ವರದಿಗಾರನಿಗೆ ಪಾಪ ಅನ್ನಿಸಿತೋ ಏನೋ, ನೀರು ಕುಡಿಸುವ ನೆಪದಲ್ಲಿ ಒಕ್ಕಣೆಯವರನ್ನು ಮೂಲೆಗೆ ಕರೆದೊಯ್ದ. ಲೋಟ ಕೈಗೆ ಕೊಡುತ್ತಾ ಪಿಸುಗುಟ್ಟಿದ: "ಮೊನ್ನೆ ಸಂಜೆ ಮಂತ್ರಿಗಳ ಮನೆಗೆ ಬಾ ಅಂದಿದ್ರು. ಹೋದೆ. ನಿಮ್ಮ ಅಧ್ಯಕ್ಷರೂ ಮಂತ್ರಿಗಳೂ ಒಂದೇ ಸೋಫಾದಲ್ಲಿ ಕೂತಿದ್ರು. ಅಧ್ಯಕ್ಷರು ಓದಿ ಹೇಳಿದ್ರು, ನಾನು ಬರ್ಕೊಂಡೆ. ಮಂತ್ರಿಗಳಿಗೆ ಹಟದಿಂದ ಇಳಿಯೋಕೆ ಒಂದು ಏಣಿ ಬೇಕಿತ್ತು, ನಿಮ್ಮವರಿಗೆ ಭಾನುವಾರ ಬೇಕಿತ್ತು. ಮಂತ್ರಿಗಳು ಒಂದೇ ಒಂದು ಮಾತು ಕೇಳಿದ್ರು, 'ಜಲಪಾತದವರು ಗಲಾಟೆ ಮಾಡಿದ್ರೆ?' ಅಂತ. ಅದಕ್ಕೆ ನಿಮ್ಮ ಅಧ್ಯಕ್ಷರು, 'ಅದಕ್ಕೊಬ್ಬ ಇದ್ದಾನೆ, ನೀವು ಚಿಂತೆ ಬಿಡಿ' ಅಂದ್ರು. ಅದು ನೀವೇ ಅಂತ ನನಗೆ ಗೊತ್ತಿರಲಿಲ್ಲ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ. ಹೇಳಿದ್ರೆ ಇಲ್ಲ ಅಂತೀನಿ. ನನಗೂ ಸಂಸಾರ ಇದೆ."

ಒಕ್ಕಣೆಯವರು ನೀರು ಕುಡಿದರು. ಲೋಟ ಇಟ್ಟರು. ಬೆಳಿಗ್ಗೆಯಿಂದ ಅವರು ಸಂಶಯ ಪಟ್ಟವರ ಪಟ್ಟಿಯಲ್ಲಿ ಹೆಂಡತಿ ಇದ್ದಳು, ಡ್ರೈವರನ ಆಕಳಿಕೆ ಇತ್ತು. ಅಧ್ಯಕ್ಷರು ಮಾತ್ರ ಇರಲಿಲ್ಲ. ಅವರಿಗೆ ಎಂದೂ ಬಾರದ ಸಿಟ್ಟು ಬಂತು. ನೇರವಾಗಿ ರೇನ್‌ಕೋಟ್ ಅಕ್ಕನ ಎದುರು ಹೋಗಿ ನಿಂತು, ಸೋಫಾದಿಂದ ಹಿಡಿದು ಏಣಿಯವರೆಗೆ, ಒಂದು ಅಕ್ಷರ ಬಿಡದೆ ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟರು.



"ಇದನ್ನ ನಿಮಗೆ ಯಾರು ಹೇಳಿದ್ದು?" ಎಂದರು ಅಕ್ಕ.

ಒಕ್ಕಣೆಯವರು ವರದಿಗಾರನ ಕಡೆ ನೋಡಿದರು. ವರದಿಗಾರ ಚಾವಣಿ ನೋಡಿ, ಇಲ್ಲವೆಂದು ತಲೆಯಾಡಿಸಿ, "ನಾನು ನೀರು ಕೊಟ್ಟೆ ಅಷ್ಟೇ," ಎಂದ.

 ಅಕ್ಕನ ಅಗಲವಾದ ಮುಖದ ಮೇಲೆ ನಿಧಾನವಾಗಿ ನಗು ಮೂಡಿತು. ಹಿಂದೆ ತಿರುಗಿ ತಮ್ಮವರಿಗೆ ಹೇಳಿದರು: "ನೋಡಿದ್ರೇನ್ರೋ? ಒಂದು ಲೋಟ ನೀರು ಕುಡಿಯೋಷ್ಟರಲ್ಲಿ ಎಂಥಾ ಕತೆ ಕಟ್ಟಿದ್ರು! ಸೋಫಾ ಅಂತೆ, ಏಣಿ ಅಂತೆ! ನನಗೇ ಅರ್ಧ ನಂಬಿಕೆ ಬಂದುಬಿಟ್ಟಿತ್ತು. ಸುದ್ದಿ ಕೊಡ್ತಾರೆ, ಪೇಪರಿನವರಿಗೇ ಇವರ ಗುರುತಿಲ್ಲ. ನಾಲ್ಕು ಸಾಲು ಬರೀತಾರೆ, ಮಧ್ಯಾಹ್ನದೊಳಗೆ ಮಂತ್ರಿ ಮೆತ್ತಗಾಗ್ತಾನೆ. ನಾವು ಹನ್ನೆರಡು ವರ್ಷ ಒಕ್ಕೂಟದ ಬಾಗಿಲು ತಟ್ಟಿ ಏನು ಸಿಕ್ಕಿತು? ನಮಗೆ ಬೇಕಾಗಿದ್ದದ್ದು ಈ ಮನುಷ್ಯ!"

"ಅಕ್ಕಾ, ನಾನು ಹೇಳಿದ್ದು ನಿಜ..."

"ಹೀಗೇ ಹೇಳಬೇಕು. ಮಂತ್ರಿ ಎದುರೂ ಇದೇ ಮುಖ ಇಟ್ಕೊಂಡು ಹೇಳಿ," ಎಂದು ಅಕ್ಕ ಅವರ ಬೆನ್ನು ತಟ್ಟಿದರು. "ನಮ್ಮ ಸೋಮವಾರಗಳನ್ನ ಕೊಟ್ಟವರು ನೀವು. ವಾಪಸು ತರೋರೂ ನೀವೇ."

ಐದೂವರೆಗೆ ಬಸ್ಸು ಜಲಪಾತದ ಕಡೆಗೆ ಹೊರಟು ನಿಂತಿತ್ತು. ಒಕ್ಕಣೆಯವರು ಎರಡನೇ ಸಾಲಿನಲ್ಲಿ, ಇಬ್ಬರು ದೋಣಿಯವರ ನಡುವೆ. ಮಡಿಲಲ್ಲಿ ಬಿಳಿ ಹಾಳೆಗಳ ಕಟ್ಟು, ಕೈಯಲ್ಲಿ ಹೊಸ ಪೆನ್ನು. ಬೆಳಗಾಗುವುದರೊಳಗೆ ಇನ್ನೊಂದು ಸುದ್ದಿ ಸಿದ್ಧವಾಗಬೇಕು ಎಂದು ಅಪ್ಪಣೆಯಾಗಿತ್ತು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವರು ತೆಗೆಯುವ ಮೊದಲೇ ಮುಂದಿನ ಸೀಟಿನಿಂದ ಅಕ್ಕನ ಕೈ ಬಂದು ಅದನ್ನು ತೆಗೆದುಕೊಂಡಿತು.

"ಹಲೋ. ಯಾರು, ಯಜಮಾನರ ಹೆಂಡ್ತಿನಾ? ನೋಡಮ್ಮ ತಂಗೀ, ಇವರು ಇವತ್ತಿಂದ ನಮ್ಮ ಜಲಪಾತದ ಕೆಲಸಕ್ಕೆ ಸೇರಿದ್ದಾರೆ. ಸರ್ಕಾರ ಬಗ್ಗೋವರೆಗೂ ನಮ್ಮಲ್ಲೇ ಇರ್ತಾರೆ. ಯಾವಾಗ ಕಳಿಸ್ತೀವಿ ಅಂತ ಈಗಲೇ ಹೇಳೋಕಾಗಲ್ಲ... ಏನು?... ಹ್ಞಾಂ, ಕೇಳ್ತೀನಿ ಇರು."

ಅಕ್ಕ ಫೋನನ್ನು ಅಂಗೈಯಿಂದ ಮುಚ್ಚಿ ಹಿಂದೆ ತಿರುಗಿದರು.

"ಸ್ವೆಟರು ಯಾರ ಕೈಲಿ ಕೊಟ್ಟು ಕಳಿಸಲಿ ಅಂತ ಕೇಳ್ತಿದ್ದಾರೆ."

ಒಕ್ಕಣೆಯವರು ಬಾಯಿ ತೆರೆದರು. ಬಸ್ಸು ಹೊರಟಿತು.